ಗುರುತು ಸಿಗದಿದ್ರೂ ರಿಪೋರ್ಟ್ ಮಾಡಿ, ಆದ್ರೆ ಫೋಟೋ ನೆಟ್ಟಗೆ ತೆಗೀರಿ

ಯಾವತ್ತೂ ನೋಡಿರದ ಹುಳನೋ ಕಳೆಗಿಡನೋ ಕಣ್ಣಿಗೆ ಬಿದ್ರೆ ನಮ್ಮಲ್ಲಿ ಹೆಚ್ಚಿನವ್ರು ಒಂದು ಫೋಟೋ ಹೊಡ್ದು ವಾಟ್ಸಾಪ್ ಗ್ರೂಪಿಗೆ ಹಾಕಿ, "ಇದೇನಪ್ಪಾ ಇದು" ಅಂತ ಕೇಳಿ, ಆಮೇಲೆ ಮರ್ತೇಬಿಡ್ತೀವಿ. ಅದು ಹೊರಗಿಂದ ಬಂದು ಹರಡ್ತಿರೋ ಆಕ್ರಮಣಕಾರಿ ಜಾತಿ ಇರ್ಬಹುದು ಅನ್ನೋ ಡೌಟ್ ಬಂದ್ರೂ, ತಪ್ಪಾದ್ರೆ ನಗ್ತಾರೆ ಅಂತ ಸುಮ್ನಿರ್ತೀವಿ. ಅಲ್ಲ, ಗುರುತು ಹಿಡಿಯೋದು ನಮ್ ಕೆಲ್ಸನೇ ಅಲ್ವಲ್ಲ! ಅದಕ್ಕೆ ತಜ್ಞರಿದ್ದಾರೆ, ಅವ್ರಿಗೆ ಗುರುತು ಹಿಡಿಯೋಕೆ ಬೇಕಾದ್ದನ್ನ ಕೊಟ್ರೆ ಸಾಕು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2019ರಲ್ಲಿ ದೈತ್ಯ ಕಣಜ ಬಂದಿದೆ ಅಂತ ಗೊತ್ತಾಗಿದ್ದು ಅಲ್ಲಿನ ಸಾಮಾನ್ಯ ಜನ ಕಂಡು ತಿಳಿಸಿದ್ರಿಂದ. ಗೂಡು ಹುಡುಕಿ ಹುಡುಕಿ ತೆಗೆದು, 2024ರಲ್ಲಿ ಪೂರ್ತಿ ನಿರ್ಮೂಲ ಆಯ್ತು ಅಂತ ಘೋಷಿಸಿದ್ರು. ಬೇಗ ಗೊತ್ತಾಗಿದ್ದಕ್ಕೇ ಆಗಿದ್ದು ಅದು, ಬೇರೂರಿದ ಮೇಲೆ ಯಾವ ಇಲಾಖೆ ಬಂದ್ರೂ ಕಷ್ಟ.

ಈಗ ಫೋಟೋ ವಿಷ್ಯ, ಇಲ್ಲೇ ಮುಕ್ಕಾಲು ರಿಪೋರ್ಟ್ ಹಾಳಾಗೋದು ಅಂತ ನನ್ನ ಅಭಿಪ್ರಾಯ. ದೂರದಿಂದ ತೆಗೆದ ಒಂದು ಮಸುಕು ಫೋಟೋ ನೋಡಿ ಯಾರೂ ಏನೂ ಹೇಳಕ್ಕಾಗಲ್ಲ. ಹುಳ ಆದ್ರೆ ಮೇಲಿಂದ, ಪಕ್ಕದಿಂದ ತೆಗೀರಿ, ಮುಖ ಮತ್ತೆ ಕಾಲು ಕೂಡ ಕಾಣ್ಬೇಕು, ಯಾಕಂದ್ರೆ ಯುರೋಪಿಗೆ ನುಗ್ಗಿರೋ ಏಷ್ಯನ್ ಕಣಜನ ಅಲ್ಲಿನ ಸ್ಥಳೀಯ ಕಣಜದಿಂದ ಬೇರೆ ಮಾಡೋದಕ್ಕೆ ಅದರ ಹಳದಿ ಕಾಲೇ ಒಂದು ದೊಡ್ಡ ಗುರುತು. ಗಿಡ ಆದ್ರೆ ಇಡೀ ಗಿಡ, ಎಲೆಯ ಎರಡೂ ಬದಿ, ಎಲೆ ಕಾಂಡಕ್ಕೆ ಹೇಗೆ ಅಂಟ್ಕೊಂಡಿದೆ ಅನ್ನೋದು, ಹೂವು ಕಾಯಿ ಇದ್ರೆ ಅದೂ. ಪಕ್ಕದಲ್ಲಿ ಒಂದು ನಾಣ್ಯನೋ ಪೆನ್ನೋ ಇಡಿ, ಸೈಜ್ ಗೊತ್ತಾಗುತ್ತೆ. ಆಮೇಲೆ ವಾಟ್ಸಾಪಲ್ಲಿ ತಿರುಗಿ ಬಂದ ಫೋಟೋ ಕಳಿಸ್ಬೇಡಿ, ಕ್ವಾಲಿಟಿನೂ ಹೋಗಿರುತ್ತೆ, ಫೋಟೋ ಒಳಗಿರೋ ಲೊಕೇಶನ್ ಮಾಹಿತಿನೂ ಹೋಗಿರುತ್ತೆ. ಒರಿಜಿನಲ್ ಕಳಿಸಿ, ಮ್ಯಾಪ್ ಪಿನ್, ತಾರೀಕು, ಎಷ್ಟಿದ್ವು, ಯಾವ ಗಿಡದ ಮೇಲಿದ್ವು ಅಂತ ಎರಡು ಸಾಲು ಬರೀರಿ. "ಕೆರೆ ಹತ್ರ" ಅಂದ್ರೆ ಹುಡುಕೋರು ಕೆರೆ ಪೂರ್ತಿ ಸುತ್ಬೇಕಾ?

ಎಲ್ಲಿಗೆ ಕಳಿಸೋದು ಅಂದ್ರೆ, ಕೃಷಿಗೆ ಸಂಬಂಧಪಟ್ಟಿದ್ರೆ ಕೃಷಿ ಇಲಾಖೆ, ಕಾಡಾದ್ರೆ ಅರಣ್ಯ ಇಲಾಖೆ. ಕೆಲವು ಕಡೆ ಇದಕ್ಕೇ ಆ್ಯಪ್ ಇದೆ, ಬ್ರಿಟನ್ನಿನಲ್ಲಿ ಏಷ್ಯನ್ ಕಣಜಕ್ಕೆ ಏಷ್ಯನ್ ಹಾರ್ನೆಟ್ ವಾಚ್, ಉತ್ತರ ಅಮೆರಿಕದಲ್ಲಿ ಎಡ್‌ಮ್ಯಾಪ್ಸ್. ಗಿಡ, ಹುಳ, ಪ್ರಾಣಿಗಳ ಫೋಟೋ ಹಾಕೋ ಐನ್ಯಾಚುರಲಿಸ್ಟ್ ಅನ್ನೋ ಆ್ಯಪ್ ಎಲ್ಲಾ ಕಡೆ ನಡೆಯುತ್ತೆ, ಗುರುತು ಹಿಡಿಯೋಕೆ ಜನ ಸಹಾಯ ಮಾಡ್ತಾರೆ, ಆದ್ರೆ ಅಲ್ಲಿ ಹಾಕಿದ ತಕ್ಷಣ ಇಲಾಖೆಗೆ ತಾನಾಗೇ ಮುಟ್ತು ಅಂದ್ಕೋಬೇಡಿ, ಬೇರೆಯಾಗಿ ತಿಳಿಸಿ.

ಇನ್ನೊಂದು, ಕಿತ್ತು ಬಿಸಾಕೋ ಉತ್ಸಾಹ ಬೇಡ. ಜಪಾನೀಸ್ ನಾಟ್‌ವೀಡ್ ಥರದ ಕಳೆಗಿಡ ಬೇರಿನ ಸಣ್ಣ ಚೂರಿಂದನೂ ಮತ್ತೆ ಚಿಗುರುತ್ತೆ, ನೀವೇ ಹರಡಿದ ಹಾಗಾಗುತ್ತೆ. ದೈತ್ಯ ಆಫ್ರಿಕನ್ ಬಸವನಹುಳುನ ಬರಿಗೈಲಿ ಮುಟ್ಟಲೇಬೇಡಿ, ಮನುಷ್ಯರಿಗೆ ಮಿದುಳಿನ ಸೋಂಕು ತರೋ ಪರಾವಲಂಬಿ ಹುಳ ಅದರಲ್ಲಿರ್ಬಹುದು. ಕಣಜದ ಗೂಡಿನ ಹತ್ರ ಹೋಗೋ ಮಾತೇ ಬೇಡ, ದೂರದಿಂದ ಝೂಮ್ ಮಾಡಿ. ಯಾವುದನ್ನೂ ಜೀವಂತ ಹಿಡಿದು ಆಫೀಸಿಗೆ ಒಯ್ಯೋದೂ ಬೇಡ, ದಾರೀಲಿ ತಪ್ಪಿಸ್ಕೊಂಡ್ರೆ ಅಲ್ಲೊಂದು ಹೊಸ ಸಂಸಾರ ಶುರು.

ರಿಪ್ಲೈ ಬರದೇ ಇರ್ಬಹುದು, ಬೇಜಾರು ಮಾಡ್ಕೋಬೇಡಿ. ಅದೇ ಜಾಗದಲ್ಲಿ ಮತ್ತೆ ಕಂಡ್ರೆ ಹೊಸ ತಾರೀಕು ಹಾಕಿ ಇನ್ನೊಂದ್ಸಲ ಕಳಿಸಿ.