ಮಧ್ಯಾಹ್ನದ ಮಾತ್ರೆ

ಅವರೆಕಾಯಿಯ ಕಾಲದಲ್ಲಿ ಕುವೆಂಪುನಗರದ ನಮ್ಮ ಮನೆಯಲ್ಲಿ ಮುದ್ದೆಗೆ ಹಿತಕಿದ ಬೇಳೆಯ ಸಾರೇ ಹೆಚ್ಚು. ಕಳೆದ ಮಾಗಿಯಲ್ಲಿ, ಆ ದಿನಗಳಲ್ಲೇ, ಅಪ್ಪನ ಮಧ್ಯಾಹ್ನದ ಮಾತ್ರೆ ಕೈಕೊಡತೊಡಗಿತು. ಕೈಕಾಲು ಬಿಗಿಯುವ ಪಾರ್ಕಿನ್ಸನ್ ಕಾಯಿಲೆಗೆ ಅವರು ಆರು ವರ್ಷಗಳಿಂದ ಲೆವೊಡೋಪ ಎಂಬ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಊಟವಾದೊಡನೆ ಮಾತ್ರೆ ನುಂಗಿದ್ದರೂ ಮೂರು ಗಂಟೆಯ ಹೊತ್ತಿಗೆ ಅಂಗಿಯ ಗುಂಡಿ ಬೆರಳಿನಿಂದ ಜಾರಿ ಜಾರಿ ಹೋಗುತ್ತಿತ್ತು. “ಮತ್ತೆ ಮರೆತ್ರಾ?” ಎಂದು ಅಮ್ಮ ಕೇಳಿದಾಗ ಅಪ್ಪ ಮಾತನಾಡದೆ ಖಾಲಿಯಾದ ಮಾತ್ರೆಯ ಪಟ್ಟಿಯನ್ನು ಮುಂದೆ ಹಿಡಿದರು.

ಕಾರಣವನ್ನು ವೈದ್ಯರು ತಿಳಿಸಿದರು. ಲೆವೊಡೋಪ ಸಣ್ಣ ಕರುಳಿನಿಂದ ರಕ್ತಕ್ಕೆ ಸೇರುವ ದಾರಿಯಲ್ಲೇ ಕಾಳುಬೇಳೆಯ ಪ್ರೋಟೀನಿನಿಂದ ಬಂದ ಅಮೈನೊ ಆಮ್ಲಗಳೂ ಸಾಗುವುದರಿಂದ, ಎರಡೂ ಒಟ್ಟಿಗೆ ಬಂದಾಗ ಔಷಧಿ ಹಿಂದೆ ಬೀಳುತ್ತದೆ. ರಕ್ತದಿಂದ ಮಿದುಳಿಗೆ ಹೋಗುವಲ್ಲಿಯೂ ಇದೇ ಪೈಪೋಟಿ. ಊಟಕ್ಕೆ ಅರ್ಧ ಗಂಟೆ ಮೊದಲೇ ಮಾತ್ರೆ ಕೊಡತೊಡಗಿದ ಮೇಲೆ ಎಷ್ಟೋ ಮಧ್ಯಾಹ್ನಗಳು ಸುಧಾರಿಸಿದವು, ಎಲ್ಲವೂ ಅಲ್ಲ.

ನನ್ನನ್ನು ಕಾಡುವುದು ಉಳಿದ ಆ ಮಧ್ಯಾಹ್ನಗಳೇ. ಔಷಧಿ ರಕ್ತಕ್ಕೆ ತಲುಪದಿದ್ದರೂ ಕೈಕಾಲು ಬಿಗಿಯುತ್ತದೆ, ಕಾಯಿಲೆ ಬೆಳೆದು ತಲುಪಿದ್ದು ಸಾಲದಾದರೂ ಬಿಗಿಯುತ್ತದೆ. ಮೊದಲನೆಯದಕ್ಕೆ ಹೊತ್ತು ಬದಲಿಸಬೇಕು, ಎರಡನೆಯದಕ್ಕೆ ಪ್ರಮಾಣ. ಅಂದಾಜಿನ ಮೇಲೆ ಪ್ರಮಾಣ ಏರಿಸಿದರೆ ಮೈ ತಾನಾಗಿಯೇ ಹೊರಳಾಡುವ ಇನ್ನೊಂದು ಸಂಕಟ ಶುರುವಾಗಬಹುದು. ಸುಮಾರು ಒಂದೂವರೆ ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುವ ಈ ಔಷಧಿಯ ಏರಿಳಿತವನ್ನು ಒಂದು ಸಲದ ರಕ್ತಪರೀಕ್ಷೆ ಹಿಡಿಯಲಾರದು.

ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಚರ್ಮದಡಿಯ ದ್ರವದಲ್ಲಿನ ಗ್ಲೂಕೋಸನ್ನು ಹಗಲಿರುಳೂ ಅಳೆಯುತ್ತದೆ. ಲೆವೊಡೋಪಕ್ಕೂ ಅಂಥದೊಂದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಸಂಶೋಧಕರು 2019ರಲ್ಲಿ ಸೂಕ್ಷ್ಮ ಸೂಜಿಗಳಿಂದ ರಚಿಸಿ ತೋರಿಸಿದರು. ಒಂದು ಸೂಜಿಯಲ್ಲಿ ಟೈರೋಸಿನೇಸ್ ಎಂಬ ಕಿಣ್ವವಿತ್ತು. ಹೆಚ್ಚಿ ನೀರಿಗೆ ಹಾಕದೆ ಬಿಟ್ಟ ಬದನೆಕಾಯಿಯನ್ನು ಕಪ್ಪಾಗಿಸುವ ಕಿಣ್ವಗಳ ಗುಂಪಿಗೇ ಸೇರಿದ್ದು. ಅದು ಲೆವೊಡೋಪವನ್ನು ಉತ್ಕರ್ಷಿಸಿದಾಗ ಹುಟ್ಟುವ ಅತ್ಯಲ್ಪ ವಿದ್ಯುತ್ತೇ ಅಳತೆ. ಇನ್ನೊಂದು ಸೂಜಿ ಕಿಣ್ವವಿಲ್ಲದೆ ನೇರವಾಗಿ ಅಳೆಯಿತು. ಪರೀಕ್ಷೆ ನಡೆದದ್ದು ಕೃತಕ ದ್ರವದಲ್ಲಿ, ಚರ್ಮವನ್ನು ಹೋಲುವ ಜೆಲ್‌ನಲ್ಲಿ. ಮೈಯೊಳಗೆ ಈ ಔಷಧಿ ಗ್ಲೂಕೋಸಿಗಿಂತ ನೂರಾರು ಪಟ್ಟು ಕಡಿಮೆ ಇರುವುದರಿಂದಲೂ, ಯೂರಿಕ್ ಆಮ್ಲದಂಥ ವಸ್ತುಗಳು ಅದೇ ಸೂಜಿಯಲ್ಲಿ ಗೊಂದಲ ಮಾಡಬಲ್ಲವಾದ್ದರಿಂದಲೂ ಕೆಲಸ ಕಷ್ಟದ್ದು.

ಸೆನ್ಸರ್ ಚರ್ಮದಡಿಯ ಲೆಕ್ಕ ಹೇಳೀತು, ಮಿದುಳಿನದನ್ನಲ್ಲ. ಆದ್ದರಿಂದ ಅದರ ಗೆರೆಯನ್ನು ಅಪ್ಪನ ನೋಟ್‌ಬುಕ್ಕಿನ ಪಕ್ಕದಲ್ಲಿಟ್ಟು ಓದಬೇಕೆಂದು ನನ್ನ ಆಸೆ. ಮಾತ್ರೆಯ ಹೊತ್ತು, ಊಟದ ಹೊತ್ತು, ಗುಂಡಿ ಹಾಕಿಕೊಳ್ಳಲು ಆದ ಹೊತ್ತು ಮೂರನ್ನೂ ಅವರೇ ಬರೆಯುತ್ತಾರೆ. ಬೆಳಿಗ್ಗೆ ಹತ್ತರ ಅಕ್ಷರಗಳು ದುಂಡಗೆ, ಗೆರೆ ತುಂಬಿ ನಿಂತಿರುತ್ತವೆ. ಮಧ್ಯಾಹ್ನ ಮೂರರವು ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಸಿವೆಯಷ್ಟಾಗಿರುತ್ತವೆ.