ಹಾಸನದ ಕ್ಲಾಸಲ್ಲಿ ಎಂಟು ಲೋಟ ಕಾಫಿ

ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡ್ತೀನಿ. ಇಲ್ಲಿ ಸಬ್ಜೆಕ್ಟ್ ಹೆಸರೇ 'ಗಣಿತ ಮತ್ತು ಸಂಖ್ಯಾಶಾಸ್ತ್ರ', 2007ರ ಪಠ್ಯಕ್ರಮದಿಂದ ಹಾಗೇ ಕರೀತಿದ್ದಾರೆ, ಅಂದ್ರೆ ಸ್ಟ್ಯಾಟಿಸ್ಟಿಕ್ಸ್ ಅನ್ನೋದು ನಮ್ಮ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಬರೋ ಹಾಗೆ ಒಂದು ಚಾಪ್ಟರ್ ಅಲ್ಲ, ಒಂದನೇ ಕ್ಲಾಸಿಂದ ಗಣಿತದ ಪಕ್ಕದಲ್ಲೇ ಸಮನಾಗಿ ನಡ್ಕೊಂಡು ಬರುತ್ತೆ. ಸೆನ್ಸಸ್ ಅಟ್ ಸ್ಕೂಲ್ ಅಂತ ಒಂದು ಇದೆ, ಆಕ್ಲೆಂಡ್ ಯೂನಿವರ್ಸಿಟಿಯ ಸ್ಟ್ಯಾಟಿಸ್ಟಿಕ್ಸ್ ಡಿಪಾರ್ಟ್‌ಮೆಂಟಿನವರು ನಡೆಸೋದು, ದೇಶದ ಮಕ್ಕಳೆಲ್ಲ ಹೆಸರು ಹೇಳದೆ ತಮ್ಮ ಎತ್ತರ, ಸ್ಕೂಲಿಗೆ ಹೇಗೆ ಬರ್ತಾರೆ ಇಂಥದ್ದೆಲ್ಲ ತುಂಬ್ತಾರೆ, ಆಮೇಲೆ ಆ ಡೇಟಾನೇ ಕ್ಲಾಸಲ್ಲಿ ಪಾಠಕ್ಕೆ ಬರುತ್ತೆ. ತಮ್ಮದೇ ಎತ್ತರ ಆ ಗ್ರಾಫಲ್ಲಿ ಎಲ್ಲೋ ಒಂದು ಚುಕ್ಕೆಯಾಗಿ ಕೂತಿದೆ ಅಂತ ಗೊತ್ತಿರೋ ಮಗು ಆ ಗ್ರಾಫನ್ನ ನೋಡೋ ರೀತಿನೇ ಬೇರೆ.

ನಮ್ಮ ಅತ್ತಿಗೆ ಹಾಸನದಲ್ಲಿ ಪಿಯು ಮಕ್ಕಳಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳ್ಕೊಡ್ತಾರೆ. ಊರಿಂದ ಬೇರೆ ಯಾರೇ ಫೋನ್ ಮಾಡಿದ್ರೂ ಚಳಿ ಎಷ್ಟು ಮನೆ ಬಾಡಿಗೆ ಎಷ್ಟು ಅಂತ ಕೇಳಿದ್ರೆ ಇವರು ಮಾತ್ರ "ಇವತ್ತು ಕ್ಲಾಸಲ್ಲಿ ಏನ್ ಮಾಡ್ಸಿದೆ" ಅಂತಾನೇ ಶುರು ಮಾಡೋದು. ನಾನು ಹೇಳಿದ್ದಕ್ಕೆಲ್ಲ ಅವರ ಉತ್ತರ ಬಹಳ ದಿನ ಒಂದೇ ಆಗಿತ್ತು, "ನಿಮಗೆ ಟೈಮ್ ಇದೆ ಮಾರಾಯ್ತಿ, ನನಗೆ ಇಂಡೆಕ್ಸ್ ನಂಬರ್, ಟೈಮ್ ಸೀರೀಸ್, ಇಂಟರ್‌ಪೋಲೇಶನ್, ಇನ್ಫರೆನ್ಸ್ ಎಲ್ಲಾ ಮುಗಿಸ್ಬೇಕು, ಪೋರ್ಷನ್ ಮುಗೀದಿದ್ರೆ ಯಾರು ಕೇಳ್ತಾರೆ". ಅವರು ಹೇಳೋದು ನ್ಯಾಯವಾಗೇ ಇದೆ. ಅದಕ್ಕೇ ಒಂದೇ ಪೀರಿಯಡ್ಡಲ್ಲಿ ಮುಗಿಯೋ ಅಂಥದ್ದು ಒಂದು ಹೇಳಿದೆ, ನಾಣ್ಯದ ಆಟ.

ಕ್ಲಾಸನ್ನ ಎರಡು ಭಾಗ ಮಾಡೋದು. ಅರ್ಧ ಮಕ್ಕಳು ನಿಜವಾಗ್ಲೂ ನಾಣ್ಯ ನೂರು ಸಲ ಚಿಮ್ಮಿ ಹೆಡ್ಡು ಟೇಲು ಬರೀಬೇಕು, ಇನ್ನರ್ಧ ನಾಣ್ಯ ಮುಟ್ಟದೆ ತಲೆಯಿಂದಾನೇ ನೂರು ಬರೀಬೇಕು. ಟೀಚರ್ ಆಚೆ ಹೋಗಿ ನಿಂತಿರೋದು, ಆಮೇಲೆ ಬಂದು ಹಾಳೆ ನೋಡಿ ಯಾವುದು ನಿಜ ಯಾವುದು ಸುಳ್ಳು ಅಂತ ಹೇಳೋದು. ಹೆಚ್ಚಿನವು ಸರಿ ಬರುತ್ತೆ, ಯಾಕಂದ್ರೆ ಮನಸ್ಸಿಂದ ಬರೆಯೋ ಮಗುಗೆ ಸತತ ನಾಕು ಹೆಡ್ ಬರೆದ ತಕ್ಷಣ ಕೈ ತಡೆಯುತ್ತೆ, ಇದು ಜಾಸ್ತಿ ಆಯ್ತು ಅನ್ಸುತ್ತೆ, ಆದ್ರೆ ನಿಜವಾದ ನಾಣ್ಯಕ್ಕೆ ಹಿಂದಿಂದು ನೆನಪೇ ಇರಲ್ವಲ್ಲ, ನೂರು ಸಲ ಚಿಮ್ಮಿದ್ರೆ ಒಂದೇ ಮುಖ ಸತತ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ಎಲ್ಲಾದ್ರೂ ಬರೋ ಸಾಧ್ಯತೆ ಸುಮಾರು ಶೇ 80. ಇದನ್ನ ಬೋರ್ಡ್ ಮೇಲೆ ಬರೆದು ಹೇಳಿದ್ರೆ ಮಕ್ಕಳು ನೋಟ್ಸ್ ಮಾಡ್ಕೋತಾರೆ ಅಷ್ಟೆ. ತಮ್ಮ ಸುಳ್ಳು ಹಾಳೆ ಸಿಕ್ಕಿಬಿದ್ದ ಮೇಲೆ ಹೇಳಿದ್ರೆ ಜಗಳಕ್ಕೆ ಬರ್ತಾರೆ, ಇನ್ನೊಂದ್ಸಲ ಮಾಡೋಣ ಅಂತಾರೆ, ತಾವೇ ನಾಣ್ಯ ತಗೊಂಡು ಎಣಿಸ್ತಾರೆ. ನನಗೆ ಬೇಕಾಗಿರೋದು ಆ ಜಗಳ. ಸೂತ್ರ ಬರೋಕೆ ಮುಂಚೆ ಮಗು ಒಂದು ಊಹೆ ಮಾಡಿ ಅದರ ಮೇಲೆ ನಿಂತಿರ್ಬೇಕು, ಆಗ ಸೂತ್ರ ಅವರಿಗೆ ಬೇಕು ಅನ್ಸುತ್ತೆ.

ಅತ್ತಿಗೆ ಮಾಡ್ಸಿದ್ರು, ಸಂಜೆನೇ ಫೋನ್ ಬಂತು, "ಡಿಸೆಂಬರ್ ರಜಕ್ಕೆ ಬಂದಾಗ ನಮ್ಮ ಕ್ಲಾಸಿಗೇ ಬಾ" ಅಂತ. ಇಲ್ಲಿಯ ಬೇಸಿಗೆ ರಜ ಅಂದ್ರೆ ಅಲ್ಲಿ ಕಾಫಿ ಕುಯ್ಲಿನ ಕಾಲ, ಸಕಲೇಶಪುರದ ಹತ್ರ ನಮ್ಮಣ್ಣನ ತೋಟದಲ್ಲಿ ಅರೇಬಿಕಾ ಕುಯ್ತಾ ಇರ್ತಾರೆ, ಕಣದ ತುಂಬ ಕಾಫಿ ಹರಡಿರುತ್ತೆ, ಹಾಗಾಗಿ ಏನು ಮಾಡ್ಸೋದು ಅಂತ ಯೋಚನೆ ಮಾಡೋ ಅಗತ್ಯನೇ ಬರ್ಲಿಲ್ಲ.

1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಅನ್ನೋ ವಿಜ್ಞಾನಿ, ಕಪ್ಪಿಗೆ ಮೊದಲು ಹಾಲು ಹಾಕಿದ್ರಾ ಟೀ ಹಾಕಿದ್ರಾ ಅಂತ ಕುಡಿದು ಹೇಳ್ತೀನಿ ಅಂದ್ರಂತೆ, ಅದನ್ನ ಹೇಗೆ ಪರೀಕ್ಷೆ ಮಾಡೋದು ಅಂತ ಅಲ್ಲೇ ಕೆಲಸ ಮಾಡ್ತಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಯೋಚಿಸಿ 1935ರಲ್ಲಿ ಎಂಟು ಕಪ್ಪಿನ ಪ್ರಯೋಗವಾಗಿ ಬರೆದ್ರು. ನಾವು ಅದನ್ನೇ ಚಿಕೋರಿಗೆ ತಿರುಗಿಸಿದ್ವಿ. ಹಾಸನದಲ್ಲಿ ಕಾಫಿಪುಡಿ ಅಂಗಡಿಗೆ ಹೋದ್ರೆ ಚಿಕೋರಿ ಎಷ್ಟು ಹಾಕ್ಲಿ ಅಂತಾನೇ ಕೇಳೋದು (ಕಾನೂನಿನ ಪ್ರಕಾರ 49 ಪರ್ಸೆಂಟ್‌ವರೆಗೂ ಹಾಕ್ಬಹುದು), ಪ್ಯೂರ್ ಕುಡಿಯೋರಿಗೆ ಅದರ ಬಗ್ಗೆ ದೊಡ್ಡ ಅಭಿಮಾನ ಬೇರೆ. ಕ್ಲಾಸಲ್ಲಿ "ಚಿಕೋರಿ ಇದ್ರೆ ಯಾರು ಕಂಡುಹಿಡೀತೀರಾ" ಅಂದ ತಕ್ಷಣ ತೋಟದ ಮನೆಯ ಒಂದು ಹುಡುಗಿ ಎದ್ದು ನಿಂತಳು, ಒಂದು ಗುಟುಕು ಸಾಕು ಮಿಸ್ ಅಂದಳು.

ನಾಕು ಲೋಟ ಪ್ಯೂರ್, ನಾಕು ಲೋಟ ಚಿಕೋರಿದು. ಲೋಟದ ತಳದಲ್ಲಿ ನಂಬರ್ ಅಂಟಿಸಿ ಚೀಟಿ ಎತ್ತಿ ಸಾಲು ಮಾಡಿದ್ವಿ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ, "ಮಿಸ್, ಚಿಕೋರಿ ಹಾಕಿದ್ದು ಕಪ್ಪಗೆ ಗಟ್ಟಿ ಇರುತ್ತೆ, ಅವಳು ಕಣ್ಣಲ್ಲೇ ನೋಡಿ ಹೇಳ್ತಾಳೆ." ಇನ್ನೊಬ್ಬಳು, ಕೊಡೋರಿಗೆ ಗೊತ್ತಿದ್ರೂ ಮುಖ ನೋಡಿ ತಿಳ್ಕೋಬಹುದು ಅಂದಳು. ಕಣ್ಣಿಗೆ ಬಟ್ಟೆ ಕಟ್ಟಿದ್ವಿ, ಚೀಟಿ ಎತ್ತಿದೋರು ಆಚೆ ಹೋದ್ರು, ಏನೂ ಗೊತ್ತಿಲ್ದೋರು ಲೋಟ ಕೊಟ್ರು, ಎಲ್ಲಾ ಒಂದೇ ಬಿಸಿ ಇದೆಯಾ ಅಂತ ಮುಟ್ಟಿ ನೋಡಿದ್ರು. ಪ್ರಯೋಗ ಹೇಗೆ ಕಟ್ಟಬೇಕು ಅನ್ನೋ ಅಷ್ಟೂ ಪಾಠವನ್ನ ಆ ಮಕ್ಕಳೇ ಹೇಳಿದ್ರು, ಅತ್ತಿಗೆಯಾಗ್ಲಿ ನಾನಾಗ್ಲಿ ಬಾಯಿ ಬಿಡ್ಲಿಲ್ಲ, ನನಗಂತೂ ಕಣ್ಣು ತುಂಬಿ ಬಂತು.

ಚಿಕೋರಿ ಇದೆ ಅಂತ ಅವಳು ಆರಿಸಿದ ನಾಕರಲ್ಲಿ ಮೂರು ಸರಿ ಇತ್ತು. ಕ್ಲಾಸ್ ಪೂರ್ತಿ ಚಪ್ಪಾಳೆ. ಆಗ ಅತ್ತಿಗೆ ಕೇಳಿದ್ರು, "ನಾಲಿಗೇನೇ ಇಲ್ದೋರು ಸುಮ್ನೆ ಕೈಗೆ ಸಿಕ್ಕಿದ ನಾಕು ಎತ್ತಿದ್ರೆ ಎಷ್ಟು ಸಲ ಇಷ್ಟು ಸರಿ ಬರುತ್ತೆ?" ಬಹಳ ಕಮ್ಮಿ ಅಂತ ಎಲ್ರೂ ಕೂಗಿದ್ರು. ಎಂಟೆಂಟು ಚೀಟಿ ಮಾಡಿ ನಾಕರ ಮೇಲೆ 'ಚಿ' ಅಂತ ಬರೆದು ಮಡಿಸಿ ಕಲಸಿ ನಾಕು ಎತ್ತೋದು, ಎಷ್ಟು 'ಚಿ' ಬಂತು ಅಂತ ಬೋರ್ಡಲ್ಲಿ ಗೀಟು ಹಾಕೋದು, ಜೋಡಿ ಜೋಡಿಯಾಗಿ ಕೂತು ಎಲ್ರೂ ಮಾಡಿದ್ರು. ಎರಡು ಸರಿ ಬಂದಿದ್ದರ ಗೀಟು ಮೇಲೆ ಮೇಲೆ ಬೆಳೀತು, ಆದ್ರೆ ಮೂರು ಅಥವಾ ನಾಕು ಬಂದಿದ್ದೂ ಕಾಲು ಭಾಗದ ಹತ್ರ ಇತ್ತು! ಆಮೇಲೇ ಲೆಕ್ಕಕ್ಕೆ ಬಂದಿದ್ದು. ಎಂಟರಲ್ಲಿ ನಾಕು ಆರಿಸೋಕೆ 70 ದಾರಿ, ನಾಕೂ ಸರಿ ಇರೋದು 1, ಮೂರು ಸರಿ ಇರೋದು 16, ಒಟ್ಟು 17, ಅಂದ್ರೆ ಶೇ 24. ಏನೂ ಗೊತ್ತಿಲ್ದೋರೂ ನಾಕು ಸಲಕ್ಕೆ ಒಂದು ಸಲ ಆ ಹುಡುಗಿಯಷ್ಟು ಮಾಡ್ತಾರೆ. ನಾಕಕ್ಕೆ ನಾಕೂ ಸರಿ ಹೇಳಿದ್ರೆ 70ರಲ್ಲಿ 1, ಅದನ್ನ ಅದೃಷ್ಟ ಅನ್ನೋಕಾಗಲ್ಲ.

ಅವಳಿಗೆ ರೋಷ ಬಂತು. "ಹಾಗಂತ ನನಗೆ ಗೊತ್ತಾಗಲ್ಲ ಅಂತ ಆಯ್ತಾ ಮಿಸ್?" ಇಲ್ಲ, ಆಗ್ಲಿಲ್ಲ, ಇಷ್ಟು ಲೋಟದಲ್ಲಿ ಹೇಳೋಕಾಗಲ್ಲ ಅಷ್ಟೆ. "ಹಾಗಾದ್ರೆ ಲೋಟ ಜಾಸ್ತಿ ಮಾಡಿ" ಅಂದಳು. ಸ್ಯಾಂಪಲ್ ಸೈಜ್ ಯಾಕೆ ದೊಡ್ಡದಿರ್ಬೇಕು ಅನ್ನೋದನ್ನ ಹದಿನೇಳು ವರ್ಷದ ಹುಡುಗಿ ತನ್ನ ಮರ್ಯಾದೆ ಪ್ರಶ್ನೆಯಾಗಿ ಕೇಳ್ತಾ ಇದ್ದಾಳೆ, ಇದಕ್ಕಿಂತ ಏನು ಬೇಕು ಹೇಳಿ. ಹನ್ನೆರಡು ಲೋಟ, ಆರು ಆರು ಇಟ್ರೆ 924 ದಾರಿ, ಅದರಲ್ಲಿ ಆರಕ್ಕೆ ಐದು ಅಥವಾ ಆರೂ ಸರಿ ಇರೋದು 37, ಅಂದ್ರೆ ಶೇ 4, ಒಂದು ತಪ್ಪಿದ್ರೂ ಬರೀ ಅದೃಷ್ಟ ಅನ್ನೋದು ಕಷ್ಟ, ಅವಳ ಮಾತು ಉಳಿಯುತ್ತೆ. ಡಿಕಾಕ್ಷನ್ ಮುಗಿದಿತ್ತು, ಬೆಲ್ಲೂ ಆಯ್ತು. ನಲ್ ಹೈಪಾತಿಸಿಸ್ (ವಿಶೇಷ ಏನೂ ಇಲ್ಲ, ಬಂದಿದ್ದೆಲ್ಲ ಬರೀ ಅದೃಷ್ಟ ಅಂತ ಮೊದಲು ಇಟ್ಕೊಳ್ಳೋ ಊಹೆ) ಅನ್ನೋ ಪದವನ್ನ ಅತ್ತಿಗೆ ಮುಂದಿನ ವಾರ ಹೇಳಿದ್ರಂತೆ, "ಓ ಅದಾ, ನಾಲಿಗೆ ಇಲ್ದೋರು" ಅಂದ್ರಂತೆ ಮಕ್ಕಳು. ಪೋರ್ಷನ್ ಒಂದು ದಿನಾನೂ ಹಿಂದೆ ಬಿದ್ದಿಲ್ಲ, ಇನ್ಫರೆನ್ಸ್, ಅಂದ್ರೆ ಸ್ಯಾಂಪಲ್ ನೋಡಿ ತೀರ್ಮಾನಕ್ಕೆ ಬರೋದರ ಚಾಪ್ಟರ್, ಬೇಗ ಮುಗೀತು ಅಂತ ಅವರೇ ಹೇಳಿದ್ರು.

ಇದೆಲ್ಲ ಇಂಗ್ಲೆಂಡಿನೋರ ವಿದ್ಯೆನಾ ಅಂತ ಒಬ್ಬ ಕೇಳಿದ್ದಕ್ಕೆ ಅತ್ತಿಗೆ ಸಿ.ಆರ್. ರಾವ್ ಬಗ್ಗೆ ಹೇಳಿದ್ರು, ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನ ಹಡಗಲಿಲಿ, ಕೇಂಬ್ರಿಡ್ಜಲ್ಲಿ ಇದೇ ಫಿಶರ್ ಕೈಕೆಳಗೇ ಪಿಎಚ್‌ಡಿ ಮಾಡಿದ್ದು, 2023ರಲ್ಲಿ ತೀರಿಕೊಳ್ಳೋ ತನಕ ಜಗತ್ತಿನ ದೊಡ್ಡ ಹೆಸರು. ಮಕ್ಕಳಿಗೆ ಇದು ಗೊತ್ತಿರ್ಬೇಕು. ಜೂನ್ 29, ನಮ್ಮ ದೇಶದ ಇನ್ನೊಬ್ಬ ದೊಡ್ಡ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಹುಟ್ಟಿದ ದಿನ, ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನ ಅಂತ ಮಾಡ್ತೀವಲ್ಲ, ಅವತ್ತು ಹನ್ನೆರಡು ಲೋಟ ಇಡಿ ಅಂತ ಅತ್ತಿಗೆಗೆ ಹೇಳಿದೀನಿ.

ಇನ್ನೊಂದು ವಿಷಯಕ್ಕೆ ನಿಮ್ಮ ಸಹಾಯ ಬೇಕು. ಹಾಸನ ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಮಳೆ ಲೆಕ್ಕ ಬರೆದಿಡ್ತಾರಲ್ಲ, ದಿನಾ ಬೆಳಿಗ್ಗೆ ಅಳತೆ ನೋಡಿ ಇಂಚು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ, ಅಜ್ಜನ ಕಾಲದ ಡೈರಿಗಳೂ ಇರ್ತವೆ. ಸರಾಸರಿ, ಮಧ್ಯಾಂಕ ಹೇಳ್ಕೊಡೋಕೆ ಇದಕ್ಕಿಂತ ಒಳ್ಳೆ ಡೇಟಾ ಎಲ್ಲೂ ಇಲ್ಲ. ಮಲೆನಾಡಿನ ಸಕಲೇಶಪುರದ ಮಳೆನೂ ಬಯಲುಸೀಮೆಯ ಅರಸೀಕೆರೆಯ ಮಳೆನೂ ಸೇರಿಸಿ ಹಾಸನ ಜಿಲ್ಲೆಗೆ ಒಂದು ಸರಾಸರಿ ತೆಗೆದ್ರೆ ಅದು ಎರಡೂ ಊರಿಗೆ ಸೇರದ ಅಂಕಿ ಅಂತ ಮಗುಗೆ ನೋಡಿದ ಕೂಡ್ಲೇ ತಿಳಿಯುತ್ತೆ, ಹೂ ಮಳೆ (ಕಾಫಿ ಹೂ ಬಿಡೋಕೆ ಬೇಕಾದ ಮಳೆ) ಈಗ ಮುಂಚಿಗಿಂತ ತಡ ಆಗ್ತಾ ಇದೆ ಅಂತ ದೊಡ್ಡೋರು ಹೇಳೋದು ಹೌದಾ ಅಂತ ತಾವೇ ಮೂವತ್ತು ನಲವತ್ತು ವರ್ಷದ್ದು ತೆಗೆದು ನೋಡ್ಬಹುದು. ಮನೇಲಿ ಅಂಥ ಪುಸ್ತಕ ಇದ್ರೆ ದಯವಿಟ್ಟು ಪುಟಗಳನ್ನ ಮೊಬೈಲಲ್ಲಿ ಫೋಟೋ ತೆಗೆದು ನಿಮ್ಮೂರ ಹೈಸ್ಕೂಲಿನ ಗಣಿತದ ಮೇಷ್ಟ್ರಿಗೆ ಕೊಡಿ, ಪುಸ್ತಕ ಕೊಡೋದು ಬೇಡ, ಫೋಟೋ ಸಾಕು, ತಿಂಗಳು ವರ್ಷ ಕಾಣೋ ಹಾಗೆ ತೆಗೀರಿ.