ಟ್ವೈಲೈಟ್ ಮತ್ತೆ ಓದಿದೆ, ಈ ಸಲ ಎಡ್ವರ್ಡ್ ಇಷ್ಟವಾಗಲಿಲ್ಲ

'ಟ್ವೈಲೈಟ್' ಕಾದಂಬರಿ ಬಂದದ್ದು 2005ರಲ್ಲಿ. ನಮ್ಮ ಕೈಗೆ ಸಿಕ್ಕಿದ್ದು ಅದರ ಸಿನಿಮಾ ಬಂದ ಮೇಲೆ, ನಾನು ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದಾಗ. ರೂಂಮೇಟ್ ಒಬ್ಬಳು ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡು ತಂದಿದ್ದಳು. ಕಪ್ಪು ಮುಖಪುಟ, ಎರಡು ಬಿಳಿಚಿದ ಕೈ, ಅದರಲ್ಲಿ ಕೆಂಪು ಸೇಬು. ಒಳಗೆ ಅಕ್ಷರ ಅಲ್ಲಲ್ಲಿ ಮಸುಕಾಗಿತ್ತು, ಹಾಳೆ ಬಿಟ್ಟುಕೊಂಡಿತ್ತು. ಆದರೂ ಹಾಸ್ಟೆಲಿನಲ್ಲಿ ಅದಕ್ಕೆ ಪಾಳಿ ಇತ್ತು. ರಾತ್ರಿಯೆಲ್ಲ ಓದಿ ಬೆಳಿಗ್ಗೆ ಮುಂದಿನವಳಿಗೆ ಕೊಡಬೇಕು.

ನನ್ನನ್ನು ಮೊದಲು ಹಿಡಿದದ್ದು ಮಳೆ. ಬೆಲ್ಲಾ ಎಂಬ ಹದಿನೇಳರ ಹುಡುಗಿ ಬಿಸಿಲಿನ ಫೀನಿಕ್ಸ್ ಬಿಟ್ಟು ಅಪ್ಪನ ಜೊತೆ ಇರಲು ಫೋರ್ಕ್ಸ್ ಎಂಬ ಸಣ್ಣ ಊರಿಗೆ ಬರುತ್ತಾಳೆ. ಅಲ್ಲಿ ಯಾವಾಗಲೂ ಮೋಡ, ಯಾವಾಗಲೂ ಮಳೆ. ಅದಕ್ಕೇ ರಕ್ತಪಿಶಾಚಿಗಳ ಕುಟುಂಬ ಆ ಊರಲ್ಲಿ ನೆಲೆಸಿರುವುದು, ಬಿಸಿಲಿಗೆ ಅವರ ಮೈ ಹೊಳೆಯುತ್ತದಲ್ಲ. ಲೇಖಕಿ ಸ್ಟೆಫನಿ ಮೇಯರ್ ಬರೆಯಲು ಶುರು ಮಾಡಿದಾಗ ಆ ಊರನ್ನು ನೋಡಿರಲೇ ಇಲ್ಲ. ಅಮೆರಿಕದಲ್ಲಿ ಎಲ್ಲಿ ಮಳೆ ಜಾಸ್ತಿ ಎಂದು ಇಂಟರ್‌ನೆಟ್‌ನಲ್ಲಿ ಹುಡುಕಿ ಆರಿಸಿಕೊಂಡರು. ಫೋರ್ಕ್ಸ್‌ನಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆಯಂತೆ. ನಮ್ಮೂರು ತೀರ್ಥಹಳ್ಳಿ ಕಡೆ. ಪಕ್ಕದ ಆಗುಂಬೆಯಲ್ಲಿ 7,000 ದಾಟುತ್ತದೆ. ಒಣಗದ ಬಟ್ಟೆ, ಪಾಚಿ ಹಿಡಿದ ಮರ, ಮಧ್ಯಾಹ್ನವೇ ಕವಿಯುವ ಕತ್ತಲೆ, ಇದೆಲ್ಲ ನನಗೆ ಗೊತ್ತಿದ್ದ ಲೋಕ. ಅಂಥ ಕಡೆಯೂ ಒಂದು ಪ್ರೇಮಕಥೆ ನಡೆಯಬಹುದು ಅನ್ನುವುದೇ ನನಗೆ ಖುಷಿ ಕೊಟ್ಟಿತ್ತು.

ಹೋದ ಮಳೆಗಾಲದಲ್ಲಿ ಅಕ್ಕನ ಮಗಳು ಕೇಳಿದಳು, "ಚಿಕ್ಕಮ್ಮ, ಇಂಗ್ಲಿಷಲ್ಲಿ ಒಂದು ಒಳ್ಳೇ ಲವ್ ಸ್ಟೋರಿ ಹೇಳು." ಅವಳೀಗ ಒಂಬತ್ತನೇ ಕ್ಲಾಸು. ಬಾಯಿಗೆ ಮೊದಲು ಬಂದ ಹೆಸರು ಇದೇ. ಕೊಡುವ ಮುಂಚೆ ಸುಮ್ನೆ ಒಮ್ಮೆ ಓದೋಣ ಎಂದು ಹೊಸ ಪ್ರತಿ ತರಿಸಿ ಕೂತೆ.

ಮಳೆ ಈಗಲೂ ಚೆನ್ನಾಗಿದೆ. ಮೊದಲ ಕೆಲವು ಅಧ್ಯಾಯ ಹಾಗೇ ಎಳೆದುಕೊಂಡು ಹೋದವು. ಆಮೇಲೆ ಎಡ್ವರ್ಡ್, ಬೆಲ್ಲಾ ಪ್ರೀತಿಸುವ ಆ ಪಿಶಾಚಿ ಕುಟುಂಬದ ಹುಡುಗ, ಮಾತಾಡಲು ಶುರು ಮಾಡಿದ.

ಅವನು 1918ರಲ್ಲಿ, ಸ್ಪ್ಯಾನಿಷ್ ಫ್ಲೂ ಜ್ವರದಲ್ಲಿ ಸಾಯುತ್ತಿದ್ದಾಗ ಪಿಶಾಚಿಯಾದವನು. ನೋಡಲು ಹದಿನೇಳು, ನಿಜಕ್ಕೂ ನೂರರ ಮೇಲೆ. ಅಷ್ಟು ಬದುಕಿದವನ ಮಾತಿನಲ್ಲಿ ಒಂದು ಹದ ಇರುತ್ತದೆ ಅಂದುಕೊಂಡಿದ್ದೆ. ಹತ್ತಿರ ಕರೆಯುತ್ತಾನೆ, ಮರುಕ್ಷಣ ದೂರ ಇರು ಎನ್ನುತ್ತಾನೆ. ಅವಳು ಯಾವ ಕಾರು ಹತ್ತಬೇಕು, ಯಾವಾಗ ಊಟ ಮಾಡಬೇಕು, ಎಲ್ಲವನ್ನೂ ಅವನೇ ಹೇಳುತ್ತಾನೆ. ಹದಿನಾಲ್ಕನೇ ಅಧ್ಯಾಯದಲ್ಲಿ ಬೆಲ್ಲಾಗೆ ಒಂದು ವಿಷಯ ಗೊತ್ತಾಗುತ್ತದೆ. ಅವನು ಹೆಚ್ಚುಕಮ್ಮಿ ಪ್ರತಿ ರಾತ್ರಿ ಅವಳ ಕೋಣೆಗೆ ಬಂದು, ಅವಳು ಮಲಗಿರುವುದನ್ನು ನೋಡುತ್ತಾ ಇರುತ್ತಿದ್ದ. ಅವಳಿಗೆ ಗೊತ್ತಿಲ್ಲದೆ. ಅವಳು ನಿದ್ದೆಯಲ್ಲಿ ಮಾತಾಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದಾನೆ. ಹಾಸ್ಟೆಲಿನಲ್ಲಿ ಈ ಪುಟವನ್ನು ನಾವು ಒಬ್ಬರಿಗೊಬ್ಬರು ಓದಿ ಹೇಳಿದ್ದೆವು. ಈಗ ಓದುವಾಗ ಮೈ ಜುಮ್ಮೆಂದಿತು, ಹೆದರಿಕೆಗೆ.

ನನಗೆ ತುಂಬಾ ಬೇಜಾರಾದದ್ದು ಅದರ ಮುಂದಿನ ಸಾಲಿಗೆ. ಇದು ಸಿಟ್ಟು ಬರಬೇಕಾದ ವಿಷಯ ಅನ್ನುವುದು ಬೆಲ್ಲಾಗೆ ಗೊತ್ತು. ಗದರಲು ಹೋಗುತ್ತಾಳೆ, ಆಗುವುದಿಲ್ಲ. ಒಳಗೊಳಗೇ ಹೆಮ್ಮೆಯಾಗುತ್ತದೆ. ಅಂದರೆ ಬರೆದವರಿಗೂ ಅದು ಕಂಡಿದೆ ಅಲ್ವಾ? ಕಂಡೂ ದಾಟಿ ಹೋಗಿದ್ದಾರೆ. ಮುಂದಿನ ಪುಸ್ತಕಗಳಲ್ಲೂ ಇದೇ ಆಗುತ್ತದೆ. ಮೂರನೆಯದರಲ್ಲಿ, ಗೆಳೆಯ ಜೇಕಬ್‌ನ ಮನೆಗೆ ಬೆಲ್ಲಾ ಹೋಗಬಾರದೆಂದು ಎಡ್ವರ್ಡ್ ಅವಳ ಗಾಡಿಯ ಎಂಜಿನ್‌ನ ಒಂದು ಭಾಗವನ್ನೇ ಬಿಚ್ಚಿಡುತ್ತಾನೆ. ಅವಳಿಗೆ ಸಿಟ್ಟು ಬರುತ್ತದೆ, ಅವನು ರಾತ್ರಿ ಬರುವ ಕಿಟಕಿ ಮುಚ್ಚುತ್ತಾಳೆ. ಸ್ವಲ್ಪ ಹೊತ್ತಿಗೇ ಮತ್ತೆ ತೆಗೆಯುತ್ತಾಳೆ.

ಇದನ್ನು ಓದುವಾಗ ಹಾಸ್ಟೆಲಿನ ಪಕ್ಕದ ರೂಮಿನವಳು ನೆನಪಾದಳು. ಅವಳ ಹುಡುಗ ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದ. ಎತ್ತದಿದ್ದರೆ ಯಾರ ಜೊತೆ ಇದ್ದೆ ಎಂದು ಜಗಳ. ಅವಳು ಕಾಲೇಜು ಟ್ರಿಪ್ಪಿಗೂ ಬರಲಿಲ್ಲ, ಅವನು ಬೇಡ ಅಂದನಂತೆ. ನಾವೆಲ್ಲ ಹೇಳುತ್ತಿದ್ದುದು ಒಂದೇ ಮಾತು, "ಎಷ್ಟು ಕೇರ್ ಮಾಡ್ತಾನೆ ನೋಡೇ!" ಆ ಮಾತು ಒಂದು ಪುಸ್ತಕದಿಂದಲೇ ಬಂತು ಎನ್ನಲಾರೆ. ನಮ್ಮ ಸಿನಿಮಾಗಳೂ ಅದನ್ನೇ ಹೇಳುತ್ತಿದ್ದವು. ಆದರೆ ಪಾಳಿ ಹಚ್ಚಿ ಓದಿದ ಪುಸ್ತಕ ಬೇರೆ ಏನಾದರೂ ಹೇಳಬಹುದಿತ್ತು.

ಈ ಸಲ ನನಗೆ ಇಷ್ಟವಾದದ್ದು ಚಾರ್ಲಿ, ಬೆಲ್ಲಾಳ ಅಪ್ಪ. ಊರಿನ ಪೊಲೀಸ್ ಮುಖ್ಯಸ್ಥ, ಮಾತು ಕಡಿಮೆ. ಮೂರನೇ ಅಧ್ಯಾಯದಲ್ಲಿ ರಸ್ತೆಯೆಲ್ಲ ಮಂಜುಗಡ್ಡೆ. ಬೆಲ್ಲಾ ಹೆದರಿಕೊಂಡೇ ಸ್ಕೂಲಿಗೆ ಗಾಡಿ ಓಡಿಸುತ್ತಾಳೆ, ಒಮ್ಮೆಯೂ ಜಾರುವುದಿಲ್ಲ. ಇಳಿದು ನೋಡಿದರೆ ಟೈರಿಗೆ ಚೈನ್ ಸುತ್ತಿದೆ. ಅಪ್ಪ ಅದೆಷ್ಟು ಹೊತ್ತಿಗೋ ಎದ್ದು, ಏನೂ ಹೇಳದೆ ಸುತ್ತಿಟ್ಟು ಡ್ಯೂಟಿಗೆ ಹೋಗಿದ್ದಾನೆ. ಅವಳ ಗಂಟಲು ಕಟ್ಟುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕೆಸರಿನ ಏರು ಹತ್ತಲು ಜೀಪಿನ ಚಕ್ರಕ್ಕೆ ಹೀಗೇ ಚೈನ್ ಸುತ್ತುತ್ತಾರೆ. ಅಪ್ಪ ಸುತ್ತುವುದನ್ನು ನೋಡಿದ್ದೇನೆ. ನೆಲದಲ್ಲಿ ಕೂತು, ಕೈಯೆಲ್ಲ ಕೆಸರು ಮಾಡಿಕೊಂಡು, ಉಗುರು ಕಿತ್ತುಕೊಂಡು ಮಾಡುವ ಕೆಲಸ ಅದು. ಕಾದಂಬರಿಯಲ್ಲಿ ಬೆಲ್ಲಾ ಆ ಚೈನ್ ನೋಡುತ್ತಾ ನಿಂತಿರುವಾಗಲೇ ಒಂದು ವ್ಯಾನ್ ಜಾರಿಕೊಂಡು ಬರುತ್ತದೆ, ಎಡ್ವರ್ಡ್ ಕೈ ಅಡ್ಡ ಇಟ್ಟು ನಿಲ್ಲಿಸುತ್ತಾನೆ. ನಾವೆಲ್ಲ ವ್ಯಾನ್ ನಿಲ್ಲಿಸಿದವನ ಹಿಂದೆ ಹೋದೆವು.

ಕೊನೆಗೆ ಬೆಲ್ಲಾ ಊರು ಬಿಟ್ಟು ಓಡುವಾಗ, ಅಪ್ಪ ಹಿಂದೆ ಬರಬಾರದೆಂದು, ಅಮ್ಮ ಅವನನ್ನು ಬಿಟ್ಟು ಹೋಗುವಾಗ ಆಡಿದ ಮಾತನ್ನೇ ಬೇಕೆಂದೇ ಆಡುತ್ತಾಳೆ. ಚಾರ್ಲಿ ಬಾಗಿಲಲ್ಲಿ ಸುಮ್ಮನೆ ನಿಂತುಬಿಡುತ್ತಾನೆ. ಇಡೀ ಪುಸ್ತಕದಲ್ಲಿ ನಾನು ಕಣ್ಣೊರೆಸಿಕೊಂಡದ್ದು ಅಲ್ಲೊಂದೇ ಕಡೆ. ಆದರೆ ಮೂರನೇ ಪುಸ್ತಕದಲ್ಲಿ ಇದೇ ಚಾರ್ಲಿಯನ್ನೂ ಲೇಖಕಿ ಕೆಡಿಸಿದ್ದಾರೆ. ಜೇಕಬ್ ಒತ್ತಾಯದಿಂದ ಮುತ್ತಿಡುತ್ತಾನೆ, ಬೆಲ್ಲಾ ಹೊಡೆದು ಕೈ ಮುರಿದುಕೊಳ್ಳುತ್ತಾಳೆ. ಚಾರ್ಲಿ ಭೇಷ್ ಎನ್ನುವುದು ಜೇಕಬ್‌ಗೆ! ಚೈನ್ ಸುತ್ತಿದ ಅಪ್ಪ ಹಾಗೆ ಹೇಳುತ್ತಾನೆ ಎಂದು ನಾನು ನಂಬುವುದಿಲ್ಲ.

ಇನ್ನೊಂದು ಮಾತು. ಜೇಕಬ್‌ನ ಜನ ಕ್ವಿಲ್ಯೂಟ್ ಬುಡಕಟ್ಟು. ಆಗ ಅದು ಕಥೆಗೆಂದು ಕಟ್ಟಿದ ಹೆಸರು ಎಂದುಕೊಂಡಿದ್ದೆವು. ನಿಜವಾದ ಜನ ಅವರು, ಲಾ ಪುಶ್ ಎಂಬ ಕಡಲ ದಂಡೆಯ ಊರಿನಲ್ಲಿ ಈಗಲೂ ಇದ್ದಾರೆ. ಲಕ್ಷಾಂತರ ಜನ ಅವರನ್ನು ತೋಳವಾಗುವವರು ಎಂದು ಓದುತ್ತಿದ್ದಾಗ, ಸುನಾಮಿ ಭಯವಿದ್ದ ಅವರು ಎತ್ತರದ ಜಾಗಕ್ಕಾಗಿ ಕೇಳಿಕೊಳ್ಳುತ್ತಿದ್ದರು. 2012ರಲ್ಲಿ ಅದಕ್ಕೆ ಕಾನೂನಾಯಿತು. ಈ ಪುಸ್ತಕ ಕೊಡುವವರು ಇದನ್ನೂ ಹೇಳಿ ಕೊಡಬೇಕು ಎಂದು ನನ್ನ ಅಭಿಪ್ರಾಯ.

ಕೊನೆಗೂ ಕೊಟ್ಟೆ. ಬಚ್ಚಿಟ್ಟರೆ ಅವಳು ಮೊಬೈಲಿನಲ್ಲಿ ಓದುತ್ತಾಳೆ, ಒಬ್ಬಳೇ ಓದುತ್ತಾಳೆ. ಮೊನ್ನೆ ಫೋನ್ ಮಾಡಿ, "ಚಿಕ್ಕಮ್ಮ, ಅವನು ಅವಳ ರೂಮಿಗೆ ಹೇಳದೆ ಬರ್ತಾನಲ್ಲ, ಅದು ತಪ್ಪಲ್ವಾ? ಆದ್ರೂ ನಂಗೆ ಅವನು ಇಷ್ಟ ಆಗ್ತಿದ್ದಾನೆ" ಎಂದಳು. ಆ ದಿನ ಇಬ್ಬರೂ ತುಂಬಾ ಹೊತ್ತು ಮಾತಾಡಿದೆವು. ಉಳಿದ ಭಾಗ ಭಾನುವಾರ ಮನೆಗೆ ಬಂದು ಇಲ್ಲೇ ಕೂತು ಓದುತ್ತಾಳಂತೆ.